ಬಿಸಿಲಿನಲ್ಲಿ ಕುರುಡಾಗುವ ಕಾವಲುಗಾರ

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಕ್ಯಾಮೆರಾ ಸಹಿತವಾದ ನಿಸ್ತಂತು ಚಲನಶೋಧಕವನ್ನು ಮನೆಯ ಕಾವಲಿಗೆ ಕೂರಿಸುವವರು ಇದನ್ನು ಮರೆಯಕೂಡದು. ಮೈಯಿಂದ ಹೊಮ್ಮುವ ಅವಕೆಂಪು ಕಿರಣಗಳೇ ಈ ಯಂತ್ರಕ್ಕೆ ಸುಳಿವು. ಅದರ ಎರಡು ಗ್ರಾಹಕಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಶಾಖವು ಸರಿದೊಡನೆ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ರೇಡಿಯೋ ಅಲೆಗಳು ಅದನ್ನು ಒಯ್ಯುತ್ತವೆ. ಆದರೆ ಹಿಂದಿನ ಗೋಡೆಯೂ ನಮ್ಮ ಚರ್ಮದಂತೆ ಸುಮಾರು 34 ಡಿಗ್ರಿಗೆ ಕಾದರೆ ವ್ಯತ್ಯಾಸವೇ ಅಳಿದು, ಎದುರಿಗಿದ್ದ ಕಳ್ಳನೂ ಯಂತ್ರಕ್ಕೆ ಕಾಣದೆ ಹೋಗಬಹುದು!

ಆದಕಾರಣ ಶೋಧಕವನ್ನು ನೆಲದಿಂದ 2 ಮೀಟರಿಗಿಂತ ತುಸು ಎತ್ತರದಲ್ಲಿ, ಬಿಸಿಲು ತಾಗದ ಮೂಲೆಯಲ್ಲಿ, ಬರುವವನು ಅದರ ನೋಟಕ್ಕೆ ಅಡ್ಡಲಾಗಿ ಹಾಯುವಂತೆ ನಿಲ್ಲಿಸಬೇಕು. ಬಳಿಕ ತಾವೇ ನಡೆದು ಪರೀಕ್ಷಿಸಬೇಕು. ತಂಪಾದ ಮುಂಜಾವಿನಲ್ಲಿ ಗೆದ್ದ ಯಂತ್ರವನ್ನು ಮೇ ತಿಂಗಳ ಮಧ್ಯಾಹ್ನ 3 ಗಂಟೆಗೆ ಮತ್ತೊಮ್ಮೆ ಪರೀಕ್ಷಿಸದೆ ನಂಬಲಾಗದು.