ಸಿಸಿ ಹೆಚ್ಚಾದರೆ ಏನೇನು ಹೆಚ್ಚಾಗುತ್ತದೆ?

ನಮ್ಮ ಅಬ್ಬಾರ ಸ್ಪ್ಲೆಂಡರ್ 97.2 ಸಿಸಿ. ಈಗಷ್ಟೇ ಕೆಲಸಕ್ಕೆ ಸೇರಿದ ಭಾಯಿಜಾನ್‌ಗೆ 350 ಬೇಕಂತೆ. ಮನೆಯಲ್ಲಿ ದಿನವೂ ಇದೇ ಚರ್ಚೆ. ಕಾಮರ್ಸ್ ವಿದ್ಯಾರ್ಥಿಯಾದ ನಾನು ಲೆಕ್ಕ ಹಾಕಲು ಕೂತೆ.

ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಜಾಗದ ಅಳತೆಯೇ ಸಿಸಿ, ಅಂದರೆ ಘನ ಸೆಂಟಿಮೀಟರ್. ಸ್ಪ್ಲೆಂಡರಿನ ಸಿಲಿಂಡರ್ ವ್ಯಾಸ 50 ಮಿ.ಮೀ., ಪಿಸ್ಟನ್ ಚಲಿಸುವ ದೂರ 49.5 ಮಿ.ಮೀ. ಹತ್ತನೇ ತರಗತಿಯ ಸಿಲಿಂಡರ್ ಘನಫಲದ ಸೂತ್ರ ಹಾಕಿ, ಸರಿಯಾಗಿ 97.2 ಬರುತ್ತದೆ. (ಗಣಿತ ಬಿಟ್ಟು ಬಂದವನಿಗೆ ಇದೇ ದೊಡ್ಡ ಖುಷಿ.)

ಆದರೆ ಸಿಸಿ ಎಂದರೆ ಶಕ್ತಿ ಅಲ್ಲ. 349 ಸಿಸಿಯ ಕ್ಲಾಸಿಕ್ 350 ಕೊಡುವುದು ಸುಮಾರು 20 ಅಶ್ವಶಕ್ತಿ; 200 ಸಿಸಿಯ ಡ್ಯೂಕ್ ಸುಮಾರು 25. ಡ್ಯೂಕಿನ ಎಂಜಿನ್ ಬಹಳ ವೇಗವಾಗಿ ತಿರುಗುತ್ತದೆ. ಕ್ಲಾಸಿಕ್ ನಿಧಾನವಾಗಿ ತಿರುಗಿಯೂ ಇಬ್ಬರನ್ನು ಕೂರಿಸಿಕೊಂಡು ಘಾಟಿ ಹತ್ತುತ್ತದೆ.

ಖರ್ಚು ಮಾತ್ರ ಸಿಸಿ ನೋಡಿಯೇ ಏರುತ್ತದೆ. 2022ರ ದರದಂತೆ ವರ್ಷದ ಥರ್ಡ್ ಪಾರ್ಟಿ ವಿಮೆ 75ರಿಂದ 150 ಸಿಸಿಗೆ 714 ರೂಪಾಯಿ, 350ರವರೆಗೆ 1,366, ಅದರಾಚೆ 2,804. ಪೆಟ್ರೋಲ್ ಬೇರೆ. ಭಾಯಿಜಾನ್ ಇನ್ನೂ ಯೋಚಿಸುತ್ತಿದ್ದಾನೆ.

ಇನ್ನು ನನ್ನ ವಿಷಯ. ನನಗೆ 17. ಕಾನೂನಿನ ಪ್ರಕಾರ 18 ತುಂಬುವವರೆಗೆ 50 ಸಿಸಿ ದಾಟುವಂತಿಲ್ಲ, ಅದಕ್ಕೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯಂತೆ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಓಡಿಸಿದವನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಳೆದ ರಂಜಾನಿನಲ್ಲಿ ಸಹರಿಗೆ ಹಾಲು ತರಲು ನಾನು ಅಬ್ಬಾರ ಗಾಡಿ ಒಯ್ದಿದ್ದೆ. ಈ ಸಾಲುಗಳನ್ನು ಅಮ್ಮಿಗೆ ಓದಿ ಹೇಳಿದೆ. ಕೀ ಈಗ ಅವರ ಬೀರುವಿನಲ್ಲಿದೆ.