ಅಗಸ್ತ್ಯನಿಗೆ ಮದುವೆ ತೋರಿಸಿದ ಊರು ಕಳಸ

ಹಿಮಾಲಯದಲ್ಲಿ ಶಿವ-ಪಾರ್ವತಿಯರ ಮದುವೆ. ದೇವತೆಗಳು, ಋಷಿಗಳು, ಗಂಧರ್ವರು ಎಲ್ಲರೂ ಉತ್ತರಕ್ಕೆ ಹೊರಟುಬಿಟ್ಟರು. ಅಷ್ಟು ಭಾರ ತಾಳಲಾರದೆ ಭೂಮಿ ಒಂದು ಕಡೆಗೆ ವಾಲಿತು. ಅದನ್ನು ಸರಿದೂಗಿಸಲು ಶಿವ ಅಗಸ್ತ್ಯ ಮುನಿಯನ್ನು ದಕ್ಷಿಣಕ್ಕೆ ಕಳಿಸಿದ. ಅಷ್ಟೂ ಜನರಲ್ಲಿ ಮದುವೆಯ ಚಪ್ಪರ ಕಾಣದೆ ಉಳಿದವರು ಅಗಸ್ತ್ಯರೊಬ್ಬರೇ. ಹಾಗೆ ಬಂದ ಮುನಿ ಭದ್ರಾ ತೀರದ ಈ ಗುಡ್ಡದ ಮೇಲೆ ನಿಂತರು, ಇಲ್ಲಿಂದಲೇ ಗಿರಿಜಾ ಕಲ್ಯಾಣವನ್ನು ಕಣ್ತುಂಬಿಕೊಂಡರು ಎನ್ನುತ್ತದೆ ಕಳಸದ ಸ್ಥಳಪುರಾಣ.

ತಮಿಳುನಾಡಿನ ವೇದಾರಣ್ಯಂ, ಪಾಪನಾಶಂ ಮೊದಲಾದ ಕ್ಷೇತ್ರಗಳೂ ಈ ಕಥೆಯನ್ನು ತಮ್ಮದೆಂದು ಹೇಳಿಕೊಳ್ಳುತ್ತವೆ. ದಕ್ಷಿಣದ ಉದ್ದಕ್ಕೂ ಅಗಸ್ತ್ಯರಿಗೆ ಆತಿಥ್ಯ ಕೊಟ್ಟ ಊರುಗಳಿವೆ. ಆದರೆ ಕಳಸದವರು ಕಥೆಯನ್ನು ಹೇಳಿ ಸುಮ್ಮನಾಗಿಲ್ಲ. ಪ್ರತಿ ವರ್ಷ ಕಾರ್ತಿಕ ಮಾಸದಲ್ಲಿ ಕಳಸೇಶ್ವರ ಸ್ವಾಮಿ ಮತ್ತು ಗಿರಿಜಾಂಬೆಯ ಕಲ್ಯಾಣೋತ್ಸವ ನಡೆಸುತ್ತಾರೆ. ಊರಿಗೆ ಊರೇ ಹೆಣ್ಣಿನ ಕಡೆಯವರೂ ಆಗಿ, ಗಂಡಿನ ಕಡೆಯವರೂ ಆಗಿ ಓಡಾಡುವ ಹಬ್ಬವದು.

ಚಿಕ್ಕಮಗಳೂರಿನಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಕಾಫಿ, ಅಡಿಕೆ, ಕಾಳುಮೆಣಸಿನ ತೋಟಗಳ ನಡುವೆ ಭದ್ರೆಯ ದಡದಲ್ಲಿದೆ ಈ ಪುಟ್ಟ ಪೇಟೆ. ಬಹುಕಾಲ ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದು, ಈಚೆಗೆ ಸ್ವತಂತ್ರ ತಾಲ್ಲೂಕಾಗಿದೆ. ಒಂದು ದಿಕ್ಕಿಗೆ ಹೋದರೆ ಎಂಟು ಕಿಲೋಮೀಟರಿನಲ್ಲಿ ಹೊರನಾಡು, ಇನ್ನೊಂದು ದಿಕ್ಕಿಗೆ ಸಂಸೆ, ಕುದುರೆಮುಖ. ನಾಡಿನ ಮೂಲೆಮೂಲೆಯಿಂದ ಹೊರನಾಡಿನ ಅನ್ನಪೂರ್ಣೇಶ್ವರಿಗೆ ಬರುವ ಬಸ್ಸು, ಕಾರುಗಳೆಲ್ಲ ಸಾಮಾನ್ಯವಾಗಿ ಕಳಸದ ಮೇಲೆಯೇ ಸಾಗುತ್ತವೆ. ಹೆಚ್ಚಿನವರು ಇಲ್ಲಿ ಇಳಿದು ಕಾಫಿ ಕುಡಿಯುತ್ತಾರೆ, ಕಳಸೇಶ್ವರನಿಗೆ ಕೈಮುಗಿದು ಮುಂದೆ ಹೋಗುತ್ತಾರೆ. ಅರ್ಧ ತಾಸಿನಲ್ಲಿ ನೋಡಿ ಮುಗಿಸುವ ಊರಲ್ಲ ಇದು. ಕರಾವಳಿಯನ್ನೂ ಮಲೆನಾಡನ್ನೂ ಸೇರಿಸಿ ಆಳಿದ ಒಂದು ರಾಜ್ಯದ ರಾಜಧಾನಿಯಾಗಿತ್ತು ಕಳಸ.

ಹೊಂಬುಜದ ಸಾಂತರರ ಹೆಸರನ್ನು ಕರ್ನಾಟಕದ ಇತಿಹಾಸ ಓದಿದವರು ಕೇಳಿಯೇ ಇರುತ್ತಾರೆ. ಜೈನ ಧರ್ಮವನ್ನು ಪಾಲಿಸಿದ ಈ ಅರಸು ಮನೆತನದ ಶಾಖೆಯೊಂದು ದಕ್ಷಿಣಕ್ಕೆ ಸರಿದು ಕಳಸದಲ್ಲಿ ನೆಲೆಯೂರಿತು. ಮುಂದೆ ಘಟ್ಟ ಇಳಿದು ಕಾರ್ಕಳವನ್ನೂ ರಾಜಧಾನಿ ಮಾಡಿಕೊಂಡಿತು. ಚರಿತ್ರೆಕಾರರು ಇದನ್ನು ಕಳಸ-ಕಾರ್ಕಳ ರಾಜ್ಯ ಎಂದೇ ಕರೆಯುತ್ತಾರೆ. 13ನೇ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ಇಬ್ಬರು ರಾಣಿಯರು ಕಳಸವನ್ನು ಆಳಿದ್ದನ್ನು ಇಲ್ಲಿನ ಶಾಸನಗಳು ದಾಖಲಿಸಿವೆ. ಮಳೆ, ಕಾಡು, ಕಡಿದಾದ ಘಟ್ಟದ ದಾರಿಗಳ ಈ ಸೀಮೆಯನ್ನು ಹೆಣ್ಣುಮಕ್ಕಳು ಆಳಿದ ವಿಷಯ ನಮ್ಮ ಪಠ್ಯಪುಸ್ತಕಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರಬೇಕಿತ್ತು.

ಇದೇ ವಂಶದ ವೀರಪಾಂಡ್ಯ 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ. 1586ರಲ್ಲಿ ಇಮ್ಮಡಿ ಭೈರರಸ ಅಲ್ಲಿಯೇ ಚತುರ್ಮುಖ ಬಸದಿ ಕಟ್ಟಿಸಿದ. ಗೊಮ್ಮಟನ ಮುಂದೆ ನಿಂತು ಬೆರಗಾಗುವವರಲ್ಲಿ ಆ ಅರಸರ ಹಿಂದಿನ ಮನೆ ಘಟ್ಟದ ಮೇಲಿನ ಕಳಸದಲ್ಲಿತ್ತು ಎಂದು ಬಲ್ಲವರು ಕಡಿಮೆ. ಅರಸರು ಜೈನರಾದರೂ ಕಳಸೇಶ್ವರನ ದೇಗುಲಕ್ಕೆ ಅವರ ಆಶ್ರಯ ತಪ್ಪಲಿಲ್ಲ. ಶಾಸನಗಳಲ್ಲಿ ದೇವರ ಹೆಸರು ‘ಕಳಸನಾಥ’. ಬಿ.ಎಲ್. ರೈಸ್ ಅವರು 1901ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೇ ಸಂಪುಟದಲ್ಲಿ, ಮೂಡಿಗೆರೆ ತಾಲ್ಲೂಕಿನ ಶಾಸನಗಳ ನಡುವೆ ಕಳಸದವೂ ಸೇರಿವೆ. ಇಂದಿಗೂ ಕಳಸ ಸೀಮೆಯಲ್ಲಿ ಜೈನ ಕುಟುಂಬಗಳಿವೆ. ತೋಟದ ಬೇಲಿ, ಊರಿನ ದಾರಿ, ಹಬ್ಬದ ದಿನಗಳು ಎಲ್ಲರಿಗೂ ಹಂಚಿಕೊಂಡವೇ.

ಕಳಸೇಶ್ವರನ ಗುಡಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಬಯಲುಸೀಮೆಯ ಎತ್ತರದ ಗೋಪುರಗಳನ್ನು ಕಂಡ ಕಣ್ಣಿಗೆ ಮಲೆನಾಡಿನ ಗುಡಿಗಳು ಬೇರೆಯಾಗಿಯೇ ತೋರುತ್ತವೆ. ವರ್ಷದ ನಾಲ್ಕು ತಿಂಗಳು ಬಿಡದೆ ಸುರಿಯುವ ನೀರು ನಿಲ್ಲದೆ ಇಳಿದುಹೋಗಬೇಕಾದ್ದರಿಂದ ಇಲ್ಲಿ ಮಾಡು ಇಳಿಜಾರಾಗಿರಲೇಬೇಕು. ದೇವಸ್ಥಾನವಾಗಲಿ, ಮನೆಯಾಗಲಿ, ಕಟ್ಟುವವನಿಗೆ ಮೊದಲ ಮಾತು ಹೇಳುವುದು ಮಳೆಯೇ.

ಕ್ಷೇತ್ರದ ಸುತ್ತ ಪಂಚತೀರ್ಥಗಳಿವೆ: ವಸಿಷ್ಠ ತೀರ್ಥ, ನಾಗ ತೀರ್ಥ, ಕೋಟಿ ತೀರ್ಥ, ರುದ್ರ ತೀರ್ಥ, ಅಂಬಾ ತೀರ್ಥ. ಐದರಲ್ಲಿ ಅಂಬಾ ತೀರ್ಥದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಅಗಲವಾಗಿ ಹರಿದು ಬರುವ ಭದ್ರೆ ಅಲ್ಲಿ ಬಂಡೆಗಳ ಇಕ್ಕಟ್ಟಿಗೆ ಸಿಲುಕಿ ಇಷ್ಟೇ ಇಷ್ಟಾಗುತ್ತಾಳೆ. ನೀರು ಕೊರೆದು ಕೊರೆದು ಕಲ್ಲುಗಳಲ್ಲಿ ಗುಂಡಿ, ಕುಳಿ, ಬಳುಕುಗಳು ಮೂಡಿವೆ. ಅವುಗಳ ನಡುವೆ ಒಂದು ಭಾರೀ ಬಂಡೆ ಇನ್ನೊಂದರ ಮೇಲೆ ಕೂತಿದೆ. ದ್ವೈತ ಮತವನ್ನು ಸ್ಥಾಪಿಸಿದ ಮಧ್ವಾಚಾರ್ಯರು 13ನೇ ಶತಮಾನದಲ್ಲಿ ಈ ಕಡೆ ಬಂದಾಗ ಜನರು ಎತ್ತಲಾರದೆ ಬಿಟ್ಟಿದ್ದ ಈ ಬಂಡೆಯನ್ನು ಒಂದೇ ಕೈಯಲ್ಲಿ ತಂದಿರಿಸಿದರು ಎಂಬುದು ಪ್ರತೀತಿ. ಬಂಡೆಯ ಮೇಲೆ ಅದೇ ಅರ್ಥದ ಒಂದು ಸಾಲಿನ ಸಂಸ್ಕೃತ ಬರಹವಿದೆ. ನಂಬಿಕೆಯ ಮಾತು ಹಾಗಿರಲಿ, ಹರಿಯುವ ಹೊಳೆಯ ನಡುವಿನ ಕಲ್ಲಿನ ಮೇಲೆ ಆ ಅಕ್ಷರ ಕೊರೆದವನ ಸಾಹಸವೂ ಸಣ್ಣದಲ್ಲ.

ಹೀಗೆ ನಾಲ್ಕಾರು ಮೈಲಿಯೊಳಗೆ ಶಿವನ ಗುಡಿ, ಜೈನ ಅರಸರ ಶಾಸನ, ಮಧ್ವರ ಬಂಡೆ, ಅನ್ನಪೂರ್ಣೆಯ ಸನ್ನಿಧಿ. ಇದರ ಜೊತೆಗೆ ತೋಟದ ಅಂಚಿನಲ್ಲಿ, ಮರದ ಬುಡದಲ್ಲಿ ಕಲ್ಲುಗಳ ರೂಪದಲ್ಲಿ ಕೂತ ಭೂತ, ಚೌಡಿಯರದೇ ಇನ್ನೊಂದು ಲೋಕ. ಪಂಜುರ್ಲಿ, ಗುಳಿಗರ ಹೆಸರು ತುಳುನಾಡಿನಲ್ಲಿ ಕೇಳುವಂತೆ ಇಲ್ಲೂ ಕೇಳುತ್ತದೆ. ಘಟ್ಟದ ಕೆಳಗಿನಿಂದ ದುಡಿಯಲು, ನೆಲೆಸಲು ಬಂದವರ ಜೊತೆ ದೈವಗಳೂ ಘಟ್ಟ ಹತ್ತಿದವು. ಪಂಜುರ್ಲಿ ಹಂದಿಯ ರೂಪದ ದೈವ. ಬೆಳೆದ ಗದ್ದೆಗೆ ರಾತ್ರೋರಾತ್ರಿ ಹಂದಿ ನುಗ್ಗುವ ಊರಿನಲ್ಲಿ ಆ ದೈವಕ್ಕೆ ವರ್ಷಕ್ಕೊಮ್ಮೆ ಪೂಜೆ ಸಲ್ಲಿಸುವ ಅಗತ್ಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಳಸದ ಹಬ್ಬಗಳ ಪಂಚಾಂಗವನ್ನು ಗೋಡೆಯ ಕ್ಯಾಲೆಂಡರಿಗಿಂತ ಮಳೆ ಮತ್ತು ಕೊಯ್ಲಿನ ಜೊತೆ ಇಟ್ಟು ಓದಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯದೇ ದರ್ಬಾರು. ಭದ್ರೆ ಉಕ್ಕಿ ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ಹರಿದ ಸುದ್ದಿ ವರ್ಷಗಳ ಕಾಲ ಪತ್ರಿಕೆಗಳಲ್ಲಿ ಬಂದೇ ಬರುತ್ತಿತ್ತು. ಈ ತಿಂಗಳುಗಳ ಹಬ್ಬ ಮನೆಯೊಳಗಿನದು, ಅಡುಗೆಮನೆಯದು. ಕೆಸುವಿನ ಎಲೆಯ ಪತ್ರೊಡೆ, ಕಳಲೆ ಪಲ್ಯ, ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ, ನಾಗರ ಪಂಚಮಿಗೆ ಅರಿಶಿನ ಎಲೆಯಲ್ಲಿ ಬೆಂದ ಕಡುಬು. ಎಲೆಯ ಪರಿಮಳ ಹಿಡಿದ ಆ ಕಡುಬಿಗೆ ತುಪ್ಪ ಬಿಟ್ಟುಕೊಂಡು ತಿಂದವರು ಮಳೆಗಾಲವನ್ನು ಶಪಿಸುವುದಿಲ್ಲ.

ಮಳೆ ಹಿಂಜರಿಯುವ ಆಶ್ವಿಜದಲ್ಲಿ ಹೊರನಾಡಿನಲ್ಲಿ ನವರಾತ್ರಿ. ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರು ಊಟ ಮಾಡದೆ ಹೋಗಬಾರದೆಂಬುದು ಅಲ್ಲಿನ ನಡವಳಿಕೆ. ನವರಾತ್ರಿಯ ಜನಜಂಗುಳಿಯಲ್ಲೂ ಪಂಕ್ತಿ ಮೇಲೆ ಪಂಕ್ತಿ ಏಳುತ್ತದೆ, ಕೂರುತ್ತದೆ. ಅದರ ಬೆನ್ನಿಗೇ ಮಲೆನಾಡಿನ ಮನೆಗಳಲ್ಲಿ ಭೂಮಿ ಹುಣ್ಣಿಮೆ. ಪೈರು ಹೊಡೆತುಂಬಿದ ಗದ್ದೆಯನ್ನು ಬಸುರಿಯೆಂದು ಭಾವಿಸಿ ಸೀಮಂತ ಮಾಡುವ ಹಬ್ಬ. ಹೆಂಗಸರು ರಾತ್ರಿಯೆಲ್ಲ ಎಚ್ಚರವಿದ್ದು ಸೊಪ್ಪು, ತರಕಾರಿ, ಕಡುಬು ಬೇಯಿಸುತ್ತಾರೆ. ಬೆಳಕು ಹರಿಯುವ ಮೊದಲೇ ಗದ್ದೆಗೆ ಒಯ್ದು ಪೂಜಿಸಿ, ಬೆಂದ ಸೊಪ್ಪನ್ನು ಪೈರಿಗೆ ಬೀರುತ್ತಾರೆ. ಗದ್ದೆಗಳು ಕಾಫಿ, ಅಡಿಕೆ ತೋಟವಾಗುತ್ತ ಬಂದಂತೆ ಈ ಹಬ್ಬ ಮಾಡುವ ಮನೆಗಳೂ ಕಡಿಮೆಯಾಗುತ್ತಿವೆ. ಕಳೆದುಕೊಂಡರೆ ಮತ್ತೆ ಕಟ್ಟಲಾಗದ ಹಬ್ಬ ಇದು. ಬತ್ತದ ಗದ್ದೆಯಿಲ್ಲದೆ ಅದಕ್ಕೆ ನೆಲೆಯೇ ಇಲ್ಲ.

ದೀಪಾವಳಿಗೆ ಬಲೀಂದ್ರನ ಪೂಜೆ, ಗೋಪೂಜೆ. ಕೊಟ್ಟಿಗೆಯ ದನಗಳಿಗೆ ಮೈತೊಳೆದು, ಹೂವಿನ ಹಾರ ಹಾಕಿ, ಮೊದಲ ತುತ್ತು ಅವಕ್ಕೆ. ಆಮೇಲೆ ಬರುವುದೇ ಗಿರಿಜಾ ಕಲ್ಯಾಣ.

ಈ ಹಬ್ಬ ಬರುವ ವೇಳೆಯನ್ನು ಗಮನಿಸಬೇಕು. ಅರೇಬಿಕಾ ಹಣ್ಣು ಕೆಂಪಾಗಿ ಕೊಯ್ಲಿಗೆ ಬಂದಿರುತ್ತದೆ. ಅಡಿಕೆ ಕೊನೆ ಇಳಿಸುವ ಕೆಲಸವೂ ಶುರುವಾಗಿರುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಬಹಳ ಹೊತ್ತಿನವರೆಗೆ ಅಡಿಕೆ ಸುಲಿಯುವವರು, ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರಿನ ವಾಸನೆ, ಕಣದಲ್ಲಿ ಹರವಿದ ಕಾಫಿಯ ಮೇಲೆ ಮೋಡ ಕವಿದರೆ ಎದೆ ಹಾರುವ ಮನೆಯವರು. ವರ್ಷದಲ್ಲೇ ಕೈಬಿಡುವಿಲ್ಲದ ತಿಂಗಳಿನಲ್ಲಿ ಊರು ದೇವರ ಮದುವೆ ಇಟ್ಟುಕೊಂಡಿದೆ. ಆದರೂ ಅಂದು ತೋಟದ ಕೆಲಸ ಬದಿಗಿಟ್ಟು ಜನ ಬರುತ್ತಾರೆ. ಉತ್ಸವಮೂರ್ತಿಗಳಿಗೆ ಅಲಂಕಾರ, ವಾದ್ಯ, ಮಂತ್ರಘೋಷದ ನಡುವೆ ಮಾಂಗಲ್ಯಧಾರಣೆ. ಮದುವೆಯಾಗದ ಹುಡುಗ ಹುಡುಗಿಯರ ಹೆತ್ತವರು ಹರಕೆ ಹೊತ್ತು ಮುಂದಿನ ಸಾಲಿನಲ್ಲಿ ನಿಲ್ಲುವುದುಂಟು. ಕೃಷಿಕರ ಮಕ್ಕಳಿಗೆ ಹೆಣ್ಣು ಸಿಗುವುದೇ ಕಷ್ಟವೆಂಬ ಮಾತು ಮಲೆನಾಡಿನ ಮನೆಮನೆಯಲ್ಲಿ ಕೇಳಿಬರುವ ಈ ಕಾಲದಲ್ಲಿ ಆ ಹರಕೆಯ ಹಿಂದಿನ ದುಗುಡ ಯಾರಿಗೂ ಅರ್ಥವಾಗುವಂಥದ್ದೇ.

ನವೆಂಬರಿನಿಂದಲೇ ಯಕ್ಷಗಾನ ಮೇಳಗಳ ತಿರುಗಾಟ. ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಬರುವ ಮೇ ತಿಂಗಳ ಕೊನೆಯವರೆಗೆ ಕರಾವಳಿಯ ಮೇಳಗಳು ಘಟ್ಟದ ಮೇಲಿನ ಊರುಗಳಿಗೂ ಬಂದು ಹರಕೆಯಾಟ ಆಡುತ್ತವೆ. ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದಮೇಲೆ ಶಿವರಾತ್ರಿ, ಊರೂರಿನ ಜಾತ್ರೆ, ತೇರು. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಹೂಮಳೆ ಸರಿಯಾಗಿ ಬಿದ್ದರೆ ವಾರ, ಹತ್ತು ದಿನಗಳಲ್ಲಿ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿ ಘಮ್ಮೆನ್ನುತ್ತವೆ. ಮುಂದಿನ ವರ್ಷದ ಹಬ್ಬಗಳ ಗಾತ್ರವನ್ನು ನಿರ್ಧರಿಸುವುದು ಆ ಹೂವೇ.

ಈಚಿನ ವರ್ಷಗಳು ಕಳಸಕ್ಕೆ ಸುಲಭವಾಗಿಲ್ಲ. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನಿಂತಿತು. ಕಾಡಿಗೂ ಭದ್ರೆಗೂ ಅದು ಒಳ್ಳೆಯದೇ ಆಯಿತು. ಆದರೆ ಸಾವಿರಾರು ಜನರಿದ್ದ ಗಣಿಪಟ್ಟಣ ಖಾಲಿಯಾಯಿತು. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಮಲೆನಾಡಿನ ಹಳ್ಳಿಗಳ ಜನರನ್ನು ಹಬ್ಬ, ಸಂತೆ, ಶಾಲೆಗಳಿಗೆ ಹೊತ್ತು ತಿರುಗಿದ್ದವು. 2020ರಲ್ಲಿ ಅವೂ ನಿಂತವು. 2019ರ ಆಗಸ್ಟ್ ಮಳೆಗೆ ಈ ಸೀಮೆಯ ಗುಡ್ಡಗಳು ಕುಸಿದು ಮನೆ, ತೋಟಗಳು ಕೊಚ್ಚಿಹೋದವು. ಈಗ ಅಡಿಕೆಗೆ ಎಲೆಚುಕ್ಕಿ ರೋಗ. ಹಳದಿ ಎಲೆ ರೋಗ, ಕೊಳೆರೋಗಗಳ ಜೊತೆ ಇದೂ ಸೇರಿ ಸಣ್ಣ ಹಿಡುವಳಿದಾರರನ್ನು ಹೈರಾಣಾಗಿಸಿದೆ. ಹಬ್ಬದ ಖರ್ಚು ಹುಟ್ಟುವುದು ತೋಟದಲ್ಲೇ ಆದ್ದರಿಂದ ತೋಟದ ರೋಗ ಜಾತ್ರೆಯವರೆಗೂ ಮುಟ್ಟುತ್ತದೆ.

ವಾರಾಂತ್ಯದ ಪ್ರವಾಸಿಗರೇನೋ ಹೆಚ್ಚಿದ್ದಾರೆ. ಕ್ಯಾತನಮಕ್ಕಿ ಗುಡ್ಡಕ್ಕೆ ಜೀಪುಗಳ ಸಾಲು, ಹೋಂಸ್ಟೇಗಳ ಫಲಕ. ಬಂದವರಿಗೆ ಗುಡ್ಡ, ಮಂಜು ಸಿಗುತ್ತವೆ. ರಾಣಿಯರ ಶಾಸನಗಳನ್ನು ತೋರಿಸಿ ಓದಿ ಹೇಳುವ ವ್ಯವಸ್ಥೆ ಆಗಬೇಕು. ಹೊಸ ತಾಲ್ಲೂಕಿನ ಆಡಳಿತ ದೇವಸ್ಥಾನದ ಬಳಿ ಕಳಸ-ಕಾರ್ಕಳ ರಾಜ್ಯದ ಚರಿತ್ರೆ ಹೇಳುವ ಒಂದು ದೊಡ್ಡ ಫಲಕವನ್ನಾದರೂ ನಿಲ್ಲಿಸಲಿ, ಶಾಸನದ ಕಲ್ಲುಗಳಿಗೆ ಒಂದು ಮಾಡು ಕಟ್ಟಲಿ. ಅದಕ್ಕೆ ದೊಡ್ಡ ಮೊತ್ತವೇನೂ ಬೇಕಾಗದು.

ಹೊರನಾಡಿಗೆ ಹೊರಟವರು ಒಂದು ದಿನವನ್ನು ಕಳಸಕ್ಕೆಂದೇ ತೆಗೆದಿಡಿ. ನವೆಂಬರಿನಿಂದ ಫೆಬ್ರವರಿವರೆಗೆ ಬಂದರೆ ದಾರಿ ಚೆನ್ನಾಗಿರುತ್ತದೆ, ಹಬ್ಬಗಳೂ ಕೊಯ್ಲೂ ಕಾಣಸಿಗುತ್ತವೆ. ಬೆಳಿಗ್ಗೆ ಕಳಸೇಶ್ವರ, ಗಿರಿಜಾಂಬೆಯ ದರ್ಶನ ಮಾಡಿ, ಹಗಲಿರುವಾಗಲೇ ಅಂಬಾ ತೀರ್ಥ ನೋಡಿಬನ್ನಿ. ಅಲ್ಲಿ ಬಂಡೆಗಳ ಮೇಲೆ ನಿಂತು ನೋಡಿದರೆ ಸಾಕು, ನೀರಿಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಅಲ್ಲಿ ಭದ್ರೆ ಬಹಳ ಆಳ.