ಹುಡೇವಿನ ಮಣ್ಣು ಹೊಲಕ್ಕೆ ಹೇರಬೇಡಿ

ನಮ್ಮ ಧಾರವಾಡ ಸೀಮೆಯ ಹಳೇ ಊರುಗಳಲ್ಲಿ ಅಗಸಿ ಹತ್ತಿರವೋ ಹಳ್ಳದ ದಂಡೆಗೋ ದುಂಡನೆಯ ಗೋಪುರ ಕಂಡಿರುತ್ತೀರಿ. ಅದೇ ಹುಡೇವು. ಹೊರಗೆ ಕಲ್ಲು, ಹೊಟ್ಟೆಯಲ್ಲಿ ಮಣ್ಣು. ಬುಡ ದಪ್ಪ, ಮೇಲಕ್ಕೆ ಹೋದಂತೆ ಸಣ್ಣ. ತಲೆಯ ಸುತ್ತ ಗೋಡೆ, ಅದರಲ್ಲಿ ಬಂದೂಕಿನ ನಳಿಗೆ ಹಿಡಿಸುವಷ್ಟೇ ಕಿಂಡಿ.

18ನೇ ಶತಮಾನದಲ್ಲಿ ಮರಾಠರು, ಹೈದರಾಲಿ, ಟಿಪ್ಪು ಈ ಸೀಮೆಗಾಗಿ ಬಡಿದಾಡಿದರು. ಧಾರವಾಡ ಕೋಟೆಯ ಮುತ್ತಿಗೆಯೇ 1790ರಿಂದ 1791ರ ತನಕ ನಡೆಯಿತು. ಯಾರೇ ಗೆಲ್ಲಲಿ, ದಂಡು ಉಣ್ಣುವುದು ರೈತನ ಜೋಳವನ್ನೇ. ಅದರ ಮೇಲೆ ಪಿಂಡಾರಿಗಳು. ಅವರದು ಕುದುರೆ ಮೇಲಿನ ಲೂಟಿ. ತೋಪು ಎಳಕೊಂಡು ಬರುತ್ತಿರಲಿಲ್ಲ, ಒಂದೇ ಊರಿಗೆ ಕಾಯ್ದು ಕೂಡುತ್ತಿರಲಿಲ್ಲ. ಅದಕ್ಕೇ ಮಣ್ಣಿನ ಹುಡೇವು ಸಾಕಾಗುತ್ತಿತ್ತು. ಮೇಲೆ ನಿಂತವ ದೂರದ ಧೂಳು ನೋಡಿ ಕೂಗಿದರೆ ಕೆಳಗಿನವರು ಹಗೇವಿನ ಬಾಯಿ ಮುಚ್ಚುವುದಕ್ಕೆ ಹೊತ್ತು ಸಿಗುತ್ತಿತ್ತು. 1818ಕ್ಕೆ ಆ ಲಡಾಯಿ ಮುಗಿಯಿತು, ಹುಡೇವಿಗೆ ಕೆಲಸವಿಲ್ಲದಾಯಿತು.

ಇಂಗ್ಲೆಂಡಿನವರೂ 1940ರಲ್ಲಿ ಜರ್ಮನಿಯ ದಂಡು ಬಂದೀತೆಂದು ನದಿ ದಂಡೆ, ಹೊಲದ ಮೂಲೆಗಳಲ್ಲಿ ಕಿಂಡಿಯಿರುವ ಕಾಂಕ್ರೀಟ್ ಕೋಣೆ ಕಟ್ಟಿದರು. ಪಿಲ್‌ಬಾಕ್ಸ್ ಅಂತಾರೆ. ಅಂಥವು ಸುಮಾರು 28,000. ದಂಡು ಬರಲೇ ಇಲ್ಲ. ಸುಮಾರು 6,500 ಇನ್ನೂ ನಿಂತಿವೆ, ಕೆಲವನ್ನು ಬಾವಲಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಕಾಂಕ್ರೀಟನ್ನು ಯಾರೂ ಹೊಲಕ್ಕೆ ಹೇರುವುದಿಲ್ಲ ನೋಡಿ! ನಮ್ಮ ಹುಡೇವಿಗೆ ಮಣ್ಣೇ ಮುಳುವಾಗಿದೆ.

ನನ್ನೂರು ಕಲಘಟಗಿ ತಾಲೂಕಿನ ದುಮ್ಮವಾಡ. ಬೀಗರ ಊರು ನವಲಗುಂದ ಕಡೆ, ಬೆಣ್ಣಿಹಳ್ಳದ ದಂಡೆಗೆ. ಅಲ್ಲಿಯ ಹುಡೇವಿನ ಒಂದು ಮಗ್ಗಲು ಟ್ರಾಕ್ಟರಿಗೆ ಹೋಗಿದೆ. ಕೇಳಿದರೆ, "ಹಾಳಮಣ್ಣು ಗೊಬ್ಬರ ಇದ್ದಾಂಗ ಐತ್ರಿ" ಅಂದರು. ಹಾಳೂರಿನ ಮಣ್ಣು ಗೊಬ್ಬರ ಹೌದು. ತಲೆಮಾರುಗಟ್ಟಲೆ ಬೂದಿ, ಸೆಗಣಿ, ದನದ ಗಂಜಲ ಕುಡಿದದ್ದು ಅದು. ಹುಡೇವಿನ ಹೊಟ್ಟೆಯದು ಹಾಗಲ್ಲ. ಅಗೆದು ತಂದು ತುಂಬಿ ಮುಚ್ಚಿದ ಬರೀ ಮಣ್ಣು. ಅದರ ಮೇಲೆ ದನ ಕಟ್ಟಿದವರಾರು? ಡೀಸೆಲ್ ಖರ್ಚೂ ಹುಟ್ಟಲಿಕ್ಕಿಲ್ಲ ಎಂದು ನನ್ನ ಲೆಕ್ಕ. ಸಂಶಯವಿದ್ದರೆ ಒಂದು ಬೊಗಸೆ ಮಣ್ಣು ಪರೀಕ್ಷೆಗೆ ಕೊಡಿ, ಆಮೇಲೆ ಗುದ್ದಲಿ ಹಚ್ಚಿ.

ಉಳಿಸುವ ಖರ್ಚು ಬಲು ಕಡಿಮೆ. ಹುಡೇವಿಗೆ ನಿಜವಾದ ವೈರಿ ತಲೆಯಿಂದ ಇಳಿಯುವ ನೀರು ಮತ್ತು ಸಂದಿಯಲ್ಲಿ ಹುಟ್ಟುವ ಅರಳಿ, ಬಸರಿ ಸಸಿ. ಒಳಗಿನ ಮಣ್ಣು ನೆನೆದು ಉಬ್ಬಿದರೆ ಹೊರಗಿನ ಕಲ್ಲು ಜಾರುತ್ತದೆ. ಸಸಿ ಬೆರಳುಗಾತ್ರ ಇದ್ದಾಗಲೇ ಕಿತ್ತುಬಿಡಿ. ಮಾಳಿಗೆಗೆ ಹಾಕುವ ಕರಲು ಮಣ್ಣನ್ನೇ ತಲೆಗೆ ಹಾಕಿ, ಬಡಿದು, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡಿ. ಸಿಮೆಂಟು ಮಾತ್ರ ಮೆತ್ತಬೇಡಿ, ಒಳಗಿನ ತೇವ ಹೊರಬರಲಾರದೆ ಗೋಡೆಯನ್ನೇ ತಿನ್ನುತ್ತದೆ. ಇಬ್ಬರು ಆಳಿನ ಒಂದು ದಿನದ ಕೆಲಸ, ರೋಹಿಣಿ ಮಳೆಗೆ ಮುಂಚೆ ಮುಗಿಸಿಕೊಳ್ಳಿ.